ಮೂವತ್ತೈದು ಸೆಕೆಂಡು, ಒಂದು ಟೈರು: 1935ರ ನ್ಯೂರ್ಬರ್ಗ್‌ರಿಂಗ್ ರೇಸಿನ ಲೆಕ್ಕ

ಪ್ರಶ್ನೆ: 1935ರ ಜರ್ಮನ್ ಗ್ರಾಂ ಪ್ರಿ ರೇಸಿನಲ್ಲಿ ಇಟಲಿಯ ಚಾಲಕ ತಾಜಿಯೋ ನುವೊಲಾರಿ ಹಳೆಯ ಆಲ್ಫಾ ರೋಮಿಯೋ ಓಡಿಸಿ ಮರ್ಸಿಡಿಸ್, ಆಟೋ ಯೂನಿಯನ್ ಕಾರುಗಳನ್ನು ಸೋಲಿಸಿದರು ಎಂದು ಓದಿದ್ದೇನೆ. ಆದರೆ ಕೊನೆಯ ಸುತ್ತಿನಲ್ಲಿ ಮುಂದಿದ್ದ ಮರ್ಸಿಡಿಸ್‌ನ ಟೈರು ಒಡೆದದ್ದರಿಂದ ತಾನೇ ಅವರು ಗೆದ್ದದ್ದು? ಅದನ್ನು ಅದೃಷ್ಟ ಎನ್ನದೆ ಇನ್ನೇನು ಎನ್ನಬೇಕು? ಆ ಕಾಲದ ಪಿಟ್ (ರೇಸಿನ ನಡುವೆ ಕಾರು ನಿಲ್ಲಿಸಿ ಟೈರು ಬದಲಿಸುವ, ಇಂಧನ ತುಂಬುವ ಜಾಗ) ಕೆಲಸ, ಇಂಧನ, ಟೈರುಗಳ ಬಗ್ಗೆಯೂ ತಿಳಿಸಿ. ಇನ್ನೊಂದು ವಿಷಯ: ಆಗ ರೇಸ್ ಎಂಜಿನ್ನಿಗೆ ಹರಳೆಣ್ಣೆ ಹಾಕುತ್ತಿದ್ದರಂತೆ. ನನ್ನ ಹತ್ತಿರ ಇರುವ ಹಳೆಯ ಬೈಕಿಗೂ ಹಾಕಬಹುದೇ?

ಉತ್ತರ: ಟೈರು ಒಡೆದದ್ದು ನಿಜ. ಆದರೆ ಅದು ಆಕಾಶದಿಂದ ಬಿದ್ದ ಕಲ್ಲಲ್ಲ. ಹತ್ತು ಸುತ್ತುಗಳ ಕಾಲ ಸವೆದು ಸವೆದು, ಒಡೆಯಲೇಬೇಕಾದ ಹೊತ್ತಿಗೆ ಒಡೆಯಿತು. ಅದು ಸವೆಯುವಂತೆ ಮಾಡಿದ್ದರಲ್ಲಿ ಹಿಂದೆ ಬರುತ್ತಿದ್ದ ನುವೊಲಾರಿಯ ಪಾಲು ದೊಡ್ಡದು. ಇದನ್ನು ಸೆಕೆಂಡುಗಳ ಲೆಕ್ಕದಲ್ಲೇ ತೋರಿಸಬಹುದು. ಅದಕ್ಕೆ ಮೊದಲು ಹಾದಿ ಮತ್ತು ಕಾರುಗಳ ಪರಿಚಯ ಬೇಕು.

ನ್ಯೂರ್ಬರ್ಗ್‌ರಿಂಗ್ ಇರುವುದು ಜರ್ಮನಿಯ ಐಫೆಲ್ ಗುಡ್ಡಗಳಲ್ಲಿ, ನ್ಯೂರ್ಬರ್ಗ್ ಕೋಟೆಯ ಸುತ್ತ. 1925ರಲ್ಲಿ ಕೆಲಸ ಶುರುವಾಗಿ 1927ರ ಜೂನ್‌ನಲ್ಲಿ ತೆರೆಯಿತು. ರೇಸಿಗೆಂದೇ ಕಟ್ಟಿದ್ದಾದರೂ ಸ್ವಭಾವ ಪೂರ್ತಿ ಗುಡ್ಡಗಾಡಿನ ರಸ್ತೆಯದು. 1935ರಲ್ಲಿ ಬಳಸಿದ ಉತ್ತರ ಸುತ್ತಿನ ಉದ್ದ 22.81 ಕಿ.ಮೀ. ತಿರುವುಗಳು ನೂರೈವತ್ತಕ್ಕೂ ಹೆಚ್ಚು, ಏರಿಳಿತ ಸುಮಾರು 300 ಮೀಟರ್. ರೇಸು 22 ಸುತ್ತಿನದು, ಒಟ್ಟು 501.8 ಕಿ.ಮೀ. ಎಂಜಿನ್ನಿನ ಬಲವನ್ನೆಲ್ಲ ಬಿಚ್ಚಿ ಓಡಿಸಲು ಸಿಗುವುದು ಮುಖ್ಯವಾಗಿ ಕೊನೆಗೆ ಬರುವ ಡ್ಯೋಟಿಂಗರ್ ಹ್ಯೋಹೆ ಎಂಬ ನೇರ ದಾರಿ. ಮಿಕ್ಕಿದ್ದೆಲ್ಲ ಏರು, ಇಳಿಜಾರು, ಕುರುಡು ತಿರುವು, ಕಾರು ನೆಲ ಬಿಟ್ಟು ಹಾರುವ ದಿಬ್ಬಗಳು. ಅಂಥ ಕಡೆ 430 ಎಚ್‌ಪಿಯ ಕಾರಿಗೂ 265 ಎಚ್‌ಪಿಯ ಕಾರಿಗೂ ಇರುವ ಅಂತರ ಕಾಗದದ ಮೇಲೆ ಕಾಣುವಷ್ಟು ರಸ್ತೆಯ ಮೇಲೆ ಕಾಣುವುದಿಲ್ಲ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಕಡಿಮೆ. 1935ರ ಜುಲೈ 28ರಂದು ರೇಸು ಶುರುವಾದಾಗ ರಸ್ತೆ ಒದ್ದೆಯಾಗಿತ್ತು.

ಆಗಿನ ನಿಯಮದ ಪ್ರಕಾರ ಕಾರಿನ ತೂಕ 750 ಕೆ.ಜಿ. ಮೀರಬಾರದು. ಚಾಲಕ, ಇಂಧನ, ಆಯಿಲ್, ನೀರು, ಟೈರು ಇವನ್ನು ಬಿಟ್ಟು ಆ ತೂಕ. ತೂಕ ಕಟ್ಟಿಹಾಕಿದರೆ ಎಂಜಿನ್ ಚಿಕ್ಕದಾಗುತ್ತದೆ, ವೇಗ ತಗ್ಗುತ್ತದೆ ಎಂದು ನಿಯಮ ಮಾಡಿದವರ ಎಣಿಕೆ. ಜರ್ಮನ್ ಎಂಜಿನಿಯರುಗಳು ಹಗುರ ಲೋಹಗಳಲ್ಲಿ ಚೌಕಟ್ಟು, ಗೇರ್‌ಬಾಕ್ಸ್ ಮಾಡಿ, ಉಳಿಸಿದ ತೂಕವನ್ನೆಲ್ಲ ಎಂಜಿನ್ನಿಗೆ ಸುರಿದರು. ಮರ್ಸಿಡಿಸ್ ಡಬ್ಲ್ಯು25 ಕಾರಿನ ಎಂಟು ಸಿಲಿಂಡರ್ ಎಂಜಿನ್ 1935ರ ಹೊತ್ತಿಗೆ ಸುಮಾರು 4 ಲೀಟರ್ ಆಗಿತ್ತು, ಬಲ 430 ಎಚ್‌ಪಿ ಆಸುಪಾಸು. ಆಟೋ ಯೂನಿಯನ್‌ನದು ಚಾಲಕನ ಬೆನ್ನ ಹಿಂದಿದ್ದ 16 ಸಿಲಿಂಡರ್, ಸುಮಾರು 5 ಲೀಟರ್, 375 ಎಚ್‌ಪಿ. ನುವೊಲಾರಿಯ ಆಲ್ಫಾ ಪಿ3 ಎಂಜಿನಿಯರ್ ವಿತ್ತೋರಿಯೋ ಯಾನೋ 1932ಕ್ಕೆ ಮಾಡಿದ ಕಾರು. ಎಂಜಿನ್ನನ್ನು 3.2 ಲೀಟರ್‌ವರೆಗೆ ಹಿಗ್ಗಿಸಿ, ಮುಂದಿನ ಚಕ್ರಗಳಿಗೆ ಹೊಸ ಸಸ್ಪೆನ್ಷನ್ ಹಾಕಿದ್ದರು, ಅಷ್ಟೇ. ಬಲ 265 ಎಚ್‌ಪಿ ಆಸುಪಾಸು.

ಕಾಗದದ ಮೇಲೆ ಇದು ಹೋಲಿಕೆಯೇ ಅಲ್ಲ. ಆದರೆ ಪಿ3 ಕಾರಿನ ಹಿಂಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಾಮಾನ್ಯ ಕಾರಿನಲ್ಲಿ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಹಿಂದಿನ ಆಕ್ಸಲ್ ನಡುವೆ ಕೂತಿರುತ್ತದೆ. ಚಕ್ರ ಕುಣಿದಂತೆಲ್ಲ ಆ ಭಾರವೂ ಕುಣಿಯುತ್ತದೆ. ಯಾನೋ ಅದನ್ನು ಗೇರ್‌ಬಾಕ್ಸಿನ ಹಿಂಬದಿಗೇ ತಂದರು. ಅಲ್ಲಿಂದ ಎರಡು ಶಾಫ್ಟುಗಳು ಕವೆಗೋಲಿನ ಹಾಗೆ ಕವಲೊಡೆದು, ಒಂದೊಂದು ಹಿಂಚಕ್ರಕ್ಕೆ ಒಂದೊಂದು ಹೋಗುತ್ತವೆ. ಹಾಗಾಗಿ ಆಕ್ಸಲ್ ಹಗುರ. ದಿಬ್ಬ ಹಾರಿ ಇಳಿದಾಗ ಚಕ್ರ ಬೇಗ ನೆಲ ಹಿಡಿಯುತ್ತದೆ. ಆಕ್ಸಲ್ ಗಟ್ಟಿ ಆಕ್ಸಲ್ಲೇ ಆದ್ದರಿಂದ ಎರಡೂ ಚಕ್ರ ನೆಟ್ಟಗೆ ನಿಲ್ಲುತ್ತವೆ, ಟೈರಿನ ಅಗಲವೆಲ್ಲ ರಸ್ತೆಗೆ ತಾಗುತ್ತದೆ. ಇದರ ದೌರ್ಬಲ್ಯವೂ ಅಲ್ಲೇ ಇದೆ. ಎರಡು ಶಾಫ್ಟು, ಶಾಫ್ಟಿನ ತಿರುಗಾಟವನ್ನು ಚಕ್ರದ ದಿಕ್ಕಿಗೆ ಹೊರಳಿಸುವ ಎರಡು ಜೊತೆ ಬೆವೆಲ್ ಗೇರು ಎಂದರೆ ಮುರಿಯಲು ಎರಡರಷ್ಟು ಜಾಗ. ಎಂಜಿನ್ ಬೆಳೆದಂತೆ ಗೇರುಗಳ ಮೇಲಿನ ಒತ್ತಡವೂ ಬೆಳೆದಿತ್ತು. ಆ ದಿನ ತಂಡದ ಉಳಿದಿಬ್ಬರಾದ ಶಿರೋನ್ ಮತ್ತು ಬ್ರಿವಿಯೋ ಅವರ ಆಲ್ಫಾಗಳು ಬಹಳ ಬೇಗ ನಿಂತುಹೋದದ್ದು ಹಿಂದಿನ ಡ್ರೈವ್ ಭಾಗ ಕೈಕೊಟ್ಟಿದ್ದರಿಂದಲೇ. ನುವೊಲಾರಿಯ ಕಾರಿನಲ್ಲಿ ಅದೇ ಭಾಗ ನಾಲ್ಕು ತಾಸು ತಾಳಿತು. ಅದೃಷ್ಟದ ಮಾತು ಆಡಲೇಬೇಕೆಂದರೆ ಇಲ್ಲಿ ಆಡಿ, ಟೈರಿನ ವಿಷಯದಲ್ಲಿ ಅಲ್ಲ.

ಈಗ ಟೈರಿನ ವಿಷಯ. ಆಗಿನ ರೇಸ್ ಟೈರು ಇಂದಿನ ಕಣ್ಣಿಗೆ ಬೈಕಿನ ಟೈರಿನಷ್ಟೇ ಸಪೂರ. ಒಳಗೆ ಹತ್ತಿ ನೂಲಿನ ಪದರಗಳು, ಮೇಲೆ ನೈಸರ್ಗಿಕ ರಬ್ಬರಿನ ಹೊದಿಕೆ. ರಬ್ಬರು ದಪ್ಪ ಇದ್ದಷ್ಟೂ ಹೆಚ್ಚು ದೂರ ಬಾಳುತ್ತದೆ ಎಂದು ಅನಿಸಬಹುದು, ಹಾಗಲ್ಲ. ದಪ್ಪ ರಬ್ಬರು ಒಳಗೊಳಗೇ ಕಾಯುತ್ತದೆ, ಕಾಯ್ದ ರಬ್ಬರು ನೂಲಿನ ಪದರದಿಂದ ಕಳಚಿಕೊಳ್ಳುತ್ತದೆ. ತೆಳುವಾದರೆ ಬೇಗ ಸವೆಯುತ್ತದೆ. ಟೈರು ಮಾಡುವವರು ಈ ಎರಡರ ನಡುವೆ ಹಗ್ಗದ ಮೇಲಿನ ನಡಿಗೆ ನಡೆಯುತ್ತಿದ್ದರು. ರಬ್ಬರು ಸವೆದು ಒಳಗಿನ ಬಿಳಿ ಕ್ಯಾನ್ವಾಸ್ ಕಂಡಿತೆಂದರೆ ಮುಗಿಯಿತು. ಆಮೇಲೆ ಎಷ್ಟು ದೂರ ಎಂಬುದು ಕಿಲೋಮೀಟರುಗಳ ಮಾತು.

ಮರ್ಸಿಡಿಸ್‌ನ ಹಿಂಚಕ್ರಗಳಿಗೆ ಸ್ವಿಂಗ್ ಆಕ್ಸಲ್ ಇತ್ತು. ಅಂದರೆ ಅರ್ಧರ್ಧ ಆಕ್ಸಲ್ ನಡುವಿನ ಕೀಲಿನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಕಾರು ಫ್ಲೂಗ್‌ಪ್ಲಾಟ್ಸ್ ಅಥವಾ ಫ್ಲಾಂಟ್ಸ್‌ಗಾರ್ಟನ್ ದಿಬ್ಬ ಹಾರುವಾಗ ದೇಹ ಮೇಲೇಳುತ್ತದೆ, ಚಕ್ರಗಳ ಬುಡ ಒಳಕ್ಕೆ ಮಡಚುತ್ತದೆ. ಇಳಿಯುವಾಗ ಭಾರವೆಲ್ಲ ಟೈರಿನ ಅಂಚಿನ ಮೇಲೆ. ಸಾಲದ್ದಕ್ಕೆ ಗಾಳಿಯಲ್ಲಿದ್ದಾಗ 430 ಎಚ್‌ಪಿ ಎಂಜಿನ್ ಚಕ್ರವನ್ನು ಹುಚ್ಚುಚ್ಚಾಗಿ ತಿರುಗಿಸಿರುತ್ತದೆ. ನೆಲ ತಾಗಿದ ಕ್ಷಣ ರಸ್ತೆ ಅದನ್ನು ತನ್ನ ವೇಗಕ್ಕೆ ಎಳೆದು ತರುತ್ತದೆ, ಆ ಒಂದು ಉಜ್ಜಿಗೆ ರಬ್ಬರಿನ ಒಂದು ಪದರ ಹೋಗುತ್ತದೆ. ನಿಧಾನದ ತಿರುವಿನಿಂದ ಹೊರಡುವಾಗ ಕಾಲು ಸ್ವಲ್ಪ ಹೆಚ್ಚು ಒತ್ತಿದರೂ ಹೀಗೇ. ನುವೊಲಾರಿ ಕಾರನ್ನು ತಿರುವಿಗೆ ಮುಂಚಿತವಾಗಿಯೇ ಓರೆ ಮಾಡಿ ನಾಲ್ಕೂ ಚಕ್ರಗಳ ಮೇಲೆ ಒಂದೇ ಸಮ ಜಾರಿಸುತ್ತಿದ್ದರು. ನೋಡಲು ಇದು ಟೈರು ತಿನ್ನುವ ಓಟದ ಹಾಗಿರುತ್ತದೆ. ವಾಸ್ತವದಲ್ಲಿ ಸವೆತ ನಾಲ್ಕು ಟೈರಿಗೂ ಹಂಚಿಹೋಗುತ್ತದೆ, ಹಿಂದಿನ ಒಂದು ಟೈರೇ ಎಲ್ಲವನ್ನೂ ಹೊರುವುದಿಲ್ಲ.

ಒದ್ದೆ ರಸ್ತೆ ಟೈರನ್ನು ತಂಪಾಗಿ ಇಡುತ್ತದೆ, ನೀರೇ ಜಾರುಬಂಡೆಯಾಗಿ ಸವೆತ ಕಡಿಮೆಯಾಗುತ್ತದೆ. ರಸ್ತೆ ಒಣಗುತ್ತ ಬಂದಂತೆ ವೇಗವೂ ಏರುತ್ತದೆ, ಸವೆತವೂ ಏರುತ್ತದೆ. ಮೊದಲರ್ಧದಲ್ಲಿ ಟೈರು ಹೇಗೆ ತಾಳಿತೋ ಎರಡನೆಯರ್ಧದಲ್ಲೂ ಹಾಗೇ ತಾಳುತ್ತದೆ ಎಂದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ.

ಹತ್ತನೆಯ ಸುತ್ತಿನ ಹೊತ್ತಿಗೆ ನುವೊಲಾರಿ ರುಡಾಲ್ಫ್ ಕರಾಚ್ಚಿಯೋಲಾ ಅವರ ಮರ್ಸಿಡಿಸ್ಸನ್ನು ಹಿಂದೆ ಹಾಕಿ ಮೊದಲಿಗರಾಗಿದ್ದರು. ಇದನ್ನು ನೆನಪಿಡಿ. ಯಾರ ಟೈರೂ ಒಡೆಯುವ ಮುಂಚೆಯೇ ಆ ಹಳೆಯ ಕಾರು ರಸ್ತೆಯ ಮೇಲೆ ಮುಂದಿತ್ತು. ಆಮೇಲೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಪಿಟ್‌ಗೆ ಬಂದರು.

ಆ ಕಾಲದ ಪಿಟ್ ಕೆಲಸ ಹೀಗಿರುತ್ತಿತ್ತು. ಕಾರು ಬಂದು ನಿಂತ ಕೂಡಲೇ ಹಿಂದಿನ ಆಕ್ಸಲ್ ಕೆಳಗೆ ಉದ್ದ ಹಿಡಿಯ ಜಾಕ್ ಹೋಗುತ್ತದೆ, ಒಂದೇ ಒತ್ತಿಗೆ ಎರಡೂ ಚಕ್ರ ನೆಲ ಬಿಡಬೇಕು. ಕಡ್ಡಿ ಚಕ್ರ ನಿಲ್ಲುವುದು ನಡುವಿನ ಒಂದೇ ದೊಡ್ಡ ನಟ್ಟಿನ ಮೇಲೆ. ಆ ನಟ್ಟಿಗೆ ಎರಡು ಮೂರು ಕಿವಿಗಳು. ಅದನ್ನು ತಾಮ್ರ ಅಥವಾ ಸೀಸದ ಸುತ್ತಿಗೆಯಿಂದ ಹೊಡೆದು ಬಿಚ್ಚುತ್ತಾರೆ. ಉಕ್ಕಿನ ಸುತ್ತಿಗೆ ಬಳಸಿದರೆ ಕಿವಿ ಸಿಡಿಯುತ್ತದೆ. ಎಡಗಡೆಯ ನಟ್ಟಿಗೆ ಬಲ ಮರೆ (ಥ್ರೆಡ್), ಬಲಗಡೆಯದಕ್ಕೆ ಎಡ ಮರೆ. ನೆನಪಿಡುವ ಬಗೆ ಸುಲಭ: ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ ಹೊಡೆದರೆ ಬಿಚ್ಚುತ್ತದೆ, ಎದುರು ದಿಕ್ಕಿಗೆ ಹೊಡೆದರೆ ಬಿಗಿಯುತ್ತದೆ. ಗಡಿಬಿಡಿಯಲ್ಲಿ ತಪ್ಪು ದಿಕ್ಕಿಗೆ ನಾಲ್ಕು ಏಟು ಬಿದ್ದರೆ ನಟ್ಟು ಕಚ್ಚಿಕೊಂಡು ಹತ್ತು ಸೆಕೆಂಡು ಹೋದಂತೆಯೇ. ಹೊಸ ಚಕ್ರ ಕೂರಿಸುವಾಗ ಹಬ್ಬಿನ ಹಲ್ಲುಗಳು ಸರಿಯಾಗಿ ಸೇರಬೇಕು, ಅಲ್ಲಿ ಮರಳು ಸಿಕ್ಕಿದ್ದರೆ ಚಕ್ರ ಪೂರ್ತಿ ಒಳಗೆ ಹೋಗುವುದಿಲ್ಲ. ಕೊನೆಗೆ ಬಿಗಿಯುವ ಏಟುಗಳನ್ನು ಚಕ್ರ ಗಾಳಿಯಲ್ಲಿರುವಾಗ ಕೊಟ್ಟರೆ ಸಾಲದು, ಕಾರು ಇಳಿಸಿದ ಮೇಲೆ ಇನ್ನೂ ಒಂದೆರಡು ಬೀಳಬೇಕು. ಇಷ್ಟರಲ್ಲಿ ಇಂಧನ ತುಂಬಬೇಕು, ಗಾಳಿತಡೆ ಗಾಜು, ಚಾಲಕನ ಕನ್ನಡಕ ಒರೆಸಬೇಕು, ಎಂಜಿನ್ ಮತ್ತೆ ಶುರು ಮಾಡಬೇಕು.

ಇದರಲ್ಲೆಲ್ಲ ಹೆಚ್ಚು ಹೊತ್ತು ಹಿಡಿಯುವುದು ಇಂಧನ. ಆಗಿನ ರೇಸ್ ಇಂಧನಗಳಲ್ಲಿ ಆಲ್ಕೋಹಾಲ್, ಅದರಲ್ಲೂ ಮೆಥನಾಲ್, ದೊಡ್ಡ ಪಾಲು. ಕಾರಣ ಸೂಪರ್‌ಚಾರ್ಜರ್. ಗಾಳಿಯನ್ನು ಒತ್ತಿ ತುಂಬಿದರೆ ಅದು ಬಿಸಿಯಾಗುತ್ತದೆ, ಬಿಸಿ ಮಿಶ್ರಣ ಸಮಯಕ್ಕೆ ಮುಂಚೆಯೇ ಸಿಡಿದು ಪಿಸ್ಟನ್ ತೂತಾಗುತ್ತದೆ. ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಶಾಖ ಹೀರಿಕೊಂಡು ಒಳಗೆಲ್ಲ ತಣ್ಣಗಿಡುತ್ತದೆ. ಆದರೆ ಒಂದು ಲೀಟರ್ ಮೆಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಅರ್ಧದಷ್ಟೇ. ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಮೆಥನಾಲ್‌ಗೆ 6.4 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಎರಡು ಪಟ್ಟಿಗೂ ಹೆಚ್ಚು ಹೋಗುತ್ತದೆ. 500 ಕಿ.ಮೀ. ರೇಸಿನ ನಡುವೆ ಟ್ಯಾಂಕ್ ತುಂಬಲೇಬೇಕು, ಅದೂ ನೂರಕ್ಕೂ ಹೆಚ್ಚು ಲೀಟರ್. ಆದ್ದರಿಂದಲೇ ತಂಡಗಳು ಒತ್ತಡದಿಂದ ಇಂಧನ ನೂಕುವ ಪಂಪು ಇಟ್ಟುಕೊಂಡಿದ್ದವು.

ಮರ್ಸಿಡಿಸ್‌ನ ಮಾನ್‌ಫ್ರೆಡ್ ಫಾನ್ ಬ್ರೌಖಿಚ್ 47 ಸೆಕೆಂಡಿನಲ್ಲಿ ಟೈರು, ಇಂಧನ ಎಲ್ಲ ಮುಗಿಸಿ ಹೊರಟರು. ಆಲ್ಫಾ ಪಿಟ್‌ನಲ್ಲಿ ಇಂಧನದ ಪಂಪು ಕೆಟ್ಟಿತು. ಮೆಕ್ಯಾನಿಕ್‌ಗಳು ಕ್ಯಾನುಗಳನ್ನು ಎತ್ತಿ ಆಲಿಕೆಯಿಂದ ಸುರಿಯಬೇಕಾಯಿತು. ಕ್ಯಾನ್ ಬೋರಲು ಹಾಕಿದಾಗ ಏನಾಗುತ್ತದೆ ಎಂದು ಸೀಮೆಎಣ್ಣೆ ಸುರಿದವರಿಗೆಲ್ಲ ಗೊತ್ತು. ದ್ರವ ಹೊರಬರಲು ಗಾಳಿ ಒಳಹೋಗಬೇಕು, ಒಂದೇ ಬಾಯಿಯಲ್ಲಿ ಎರಡೂ ಆಗಬೇಕು, ಗುಳುಗುಳು ಎಂದು ಬಿಟ್ಟು ಬಿಟ್ಟು ಬೀಳುತ್ತದೆ. ಜೋರಾಗಿ ಬಗ್ಗಿಸಿದರೆ ಆಲಿಕೆ ತುಂಬಿ ಚೆಲ್ಲುತ್ತದೆ. ಬಿಸಿ ಎಕ್ಸಾಸ್ಟ್ ಪೈಪಿನ ಪಕ್ಕದಲ್ಲಿ ಚೆಲ್ಲುವಂತಿಲ್ಲ. ಮೆಥನಾಲ್‌ನ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಸೆಕೆಂಡಿಗೆ ಒಂದು ಲೀಟರ್ ಬಿತ್ತೆಂದು ಹಿಡಿದರೂ 120 ಲೀಟರಿಗೆ ಎರಡು ನಿಮಿಷ. ನುವೊಲಾರಿ ನಿಂತದ್ದು 2 ನಿಮಿಷ 14 ಸೆಕೆಂಡು. ಮೊದಲ ಸ್ಥಾನದಿಂದ ಆರನೆಯ ಸ್ಥಾನಕ್ಕೆ ಇಳಿದರು.

134ರಲ್ಲಿ 47 ಕಳೆದರೆ 87. ಬ್ರೌಖಿಚ್‌ಗೆ ಪಿಟ್‌ನಲ್ಲೇ 87 ಸೆಕೆಂಡು ಪುಕ್ಕಟೆ ಸಿಕ್ಕಿತು. ನುವೊಲಾರಿಗೆ ಕೆಟ್ಟ ಅದೃಷ್ಟ ಮೊದಲೇ ಬಂದು ಹೋಗಿತ್ತು, ಕೊನೆಯ ಸುತ್ತಿನಲ್ಲಿ ಬಂದದ್ದು ಅದರ ಬಾಕಿ ಎಂದರೂ ತಪ್ಪಾಗದು. ಅವರ ಒಟ್ಟು ಸಮಯ 4 ತಾಸು 8 ನಿಮಿಷ 40 ಸೆಕೆಂಡು. ಅದರಲ್ಲಿ ನಿಂತ ಹೊತ್ತನ್ನು ಕಳೆದು 22ರಿಂದ ಭಾಗಿಸಿದರೆ ಸುತ್ತಿಗೆ ಸರಾಸರಿ 11 ನಿಮಿಷ 12 ಸೆಕೆಂಡು ಬರುತ್ತದೆ. ಒದ್ದೆಯಲ್ಲಿ ಶುರುವಾದ ರೇಸಿನಲ್ಲಿ, ಆ ಕಾರಿನಲ್ಲಿ, 42 ವರ್ಷದ ಮನುಷ್ಯ ಮಾಡಿದ ಈ ಸರಾಸರಿ ನನಗೆ ಇಡೀ ದಿನದ ಅತಿ ದೊಡ್ಡ ಅಂಕಿ.

ಪಿಟ್‌ನಿಂದ ಹೊರಟವರು ಕೆಲವೇ ಸುತ್ತಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದರು. ಬ್ರೌಖಿಚ್ ಹೆದರಿ ಕಾಲು ಒತ್ತಿದರು. ರೇಸಿನ ಅತಿ ವೇಗದ ಸುತ್ತು ಅವರದೇ, 10 ನಿಮಿಷ 32 ಸೆಕೆಂಡು, ತಾಸಿಗೆ ಸುಮಾರು 130 ಕಿ.ಮೀ. ಅಂತರ ಒಂದೂವರೆ ನಿಮಿಷದ ಹತ್ತಿರಕ್ಕೆ ಬೆಳೆಯಿತು. ಆದರೆ ಆ ಸುತ್ತಿನ ಬೆಲೆಯನ್ನು ಹಿಂದಿನ ಟೈರುಗಳು ಕೊಟ್ಟವು. ಅಲ್ಲಿಂದ ಮುಂದೆ ನುವೊಲಾರಿ ಸುತ್ತು ಸುತ್ತಿಗೂ ಆ ಅಂತರ ಕಡಿಯುತ್ತ ಬಂದರು. ಕೊನೆಯ ಸುತ್ತಿಗೆ ಹೊರಟಾಗ ಉಳಿದಿದ್ದು ಸುಮಾರು 35 ಸೆಕೆಂಡು.

ಈಗ ಮರ್ಸಿಡಿಸ್ ಪಿಟ್‌ನಲ್ಲಿ ನಿಂತು ಯೋಚಿಸಿ. ಇಂಧನ ಬೇಡ, ಹಿಂದಿನ ಎರಡು ಟೈರು ಮಾತ್ರ ಬದಲಿಸಬೇಕು ಎಂದುಕೊಳ್ಳಿ. ಕೈ ಪಳಗಿದ ಮೆಕ್ಯಾನಿಕ್‌ಗಳಿಗೆ ಅರ್ಧ ನಿಮಿಷ. ವೇಗ ತಗ್ಗಿಸಿ ಒಳಬರಲು, ಮತ್ತೆ ವೇಗ ಹಿಡಿಯಲು ಇನ್ನೊಂದು 15–20 ಸೆಕೆಂಡು. ಒಟ್ಟು ಮುಕ್ಕಾಲು ನಿಮಿಷಕ್ಕೆ ಕಡಿಮೆಯಿಲ್ಲ. ಅಂತರ 80 ಸೆಕೆಂಡು ಇದ್ದಾಗ ಕರೆದಿದ್ದರೆ ಟೈರು ಬದಲಿಸಿಯೂ ಮುಂದೆ ಇರುತ್ತಿದ್ದರು. 35 ಇದ್ದಾಗ ಕರೆದರೆ ರೇಸು ಹೋಯಿತು. ನಡುವೆ ಇದ್ದ ನಾಲ್ಕೈದು ಸುತ್ತುಗಳಲ್ಲಿ ತೀರ್ಮಾನ ಆಗಬೇಕಿತ್ತು. ಆದರೆ ಈ ಹಾದಿಯಲ್ಲಿ ಚಾಲಕ ಪಿಟ್ ಮುಂದೆ ಹಾದುಹೋಗುವುದು ಹತ್ತೂವರೆ ನಿಮಿಷಕ್ಕೊಮ್ಮೆ. ರೇಡಿಯೋ ಇಲ್ಲ, ಇರುವುದು ಫಲಕ ಮಾತ್ರ. ಟೈರನ್ನು ನೋಡಲು ಸಿಗುವುದೂ ಆ ಒಂದೆರಡು ಸೆಕೆಂಡು. ಒಂದು ಸಲ ನೋಡಿ, ಮಾತಾಡಿ, ತೀರ್ಮಾನಿಸುವಷ್ಟರಲ್ಲಿ ಕಾರು ಕಾಡಿನೊಳಗೆ ಹೋಗಿರುತ್ತದೆ. ತೀರ್ಮಾನ ತಿಳಿಸುವುದು ಮುಂದಿನ ಸಲ, ಚಾಲಕ ಒಳಬರುವುದು ಅದರ ಮುಂದಿನ ಸಲ. ಅಷ್ಟರಲ್ಲಿ 45 ಕಿ.ಮೀ. ಓಡಿ, ಅಂತರ ಇನ್ನೂ 20 ಸೆಕೆಂಡು ಕರಗಿರುತ್ತದೆ. ತಂಡದ ಮುಖ್ಯಸ್ಥ ಆಲ್ಫ್ರೆಡ್ ನಾಯ್‌ಬಾವರ್ ಇಂಥ ಲೆಕ್ಕದಲ್ಲಿ ಆ ಕಾಲದ ಅತ್ಯಂತ ಚುರುಕು ಮನುಷ್ಯ. ಅವರಿಗೂ ಇದು ಸುಲಭದ ಆಯ್ಕೆಯಾಗಿರಲಿಲ್ಲ.

ಅವರು ಕರೆಯಲಿಲ್ಲ. ಸುಮಾರು 10 ಸುತ್ತು, ಅಂದರೆ 228 ಕಿ.ಮೀ. ಓಡಿದ ಹಿಂದಿನ ಎಡ ಟೈರು ಕೊನೆಯ ಸುತ್ತಿನಲ್ಲಿ ಕರುಸೆಲ್ ಎಂಬ ತಿರುವಿನ ಹತ್ತಿರ ಒಡೆಯಿತು. ಅದು ಗುಂಡನೆಯ ತಿರುವು, ಒಳಬದಿಯ ಇಳಿಜಾರು ಕಾಂಕ್ರೀಟ್ ಪಟ್ಟಿಗೆ ಚಕ್ರ ಇಳಿಸಿ ಸುತ್ತಬೇಕು. ಇಳಿಯುವಾಗಲೂ ಹತ್ತುವಾಗಲೂ ಟೈರಿಗೆ ಜೋರು ಪೆಟ್ಟು. ನುವೊಲಾರಿ ದಾಟಿ ಹೋದರು. ಬ್ರೌಖಿಚ್ ಬರೀ ರಿಮ್ ಮೇಲೆ ಕಾರನ್ನು ಗೆರೆ ದಾಟಿಸಿ ಐದನೆಯವರಾದರು. ಆಟೋ ಯೂನಿಯನ್‌ನ ಹಾನ್ಸ್ ಷ್ಟುಕ್ ಎರಡನೆಯವರು, ಕರಾಚ್ಚಿಯೋಲಾ ಮೂರನೆಯವರು. ಷ್ಟುಕ್ ಕೂಡ ಒಂದೂವರೆ ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಈ ಇಬ್ಬರ ಟೈರುಗಳು ಕೊನೆಯ ಸುತ್ತಿನಲ್ಲಿ ಒಡೆದಿರಲಿಲ್ಲ, ಅವರೂ ನುವೊಲಾರಿಯನ್ನು ಹಿಡಿಯಲಿಲ್ಲ. ಬರೀ ಅದೃಷ್ಟ ಎನ್ನುವವರಿಗೆ ನಾನು ತೋರಿಸುವುದು ಈ ಸಾಲನ್ನು. ಬ್ರೌಖಿಚ್ ಬಗ್ಗೆಯೂ ಒಂದು ಮಾತು: ಕಾರು ಹಾಳು ಮಾಡುವ ಒರಟ ಎಂದು ಅವರನ್ನು ಜರೆಯುವುದುಂಟು. ಬೆನ್ನ ಹಿಂದೆ ನುವೊಲಾರಿ ಸುತ್ತಿಗೆ ಹತ್ತು ಹದಿನೈದು ಸೆಕೆಂಡು ಕಡಿಯುತ್ತ ಬರುವಾಗ ಕಾಲು ಸಡಿಲಿಸುವುದು ಯಾರಿಂದಲೂ ಆಗದು.

ಇನ್ನು ಹರಳೆಣ್ಣೆ. ಹೌದು, ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಅದರ ಅಣುಗಳು ಲೋಹಕ್ಕೆ ಅಂಟಿ ಹಿಡಿಯುತ್ತವೆ. ಬೇರಿಂಗ್ ಕಾದು ಮಿನರಲ್ ಆಯಿಲ್ ನೀರಾಗುವ ಹೊತ್ತಿನಲ್ಲೂ ಹರಳೆಣ್ಣೆಯ ಪದರ ನಿಲ್ಲುತ್ತದೆ. ಹಾಗೆಯೇ ಅದು ತಣ್ಣಗಾದರೆ ಗಟ್ಟಿ. ಅದಕ್ಕೇ ರೇಸಿನ ಬೆಳಿಗ್ಗೆ ಆಯಿಲ್ ಕಾಯಿಸಿ ಟ್ಯಾಂಕಿಗೆ ಸುರಿಯುವ ರೂಢಿ ಇತ್ತು. ಎಂಜಿನ್ ಬಿಸಿ ಮಾಡಲು ಬೇರೆ ಪ್ಲಗ್ ಹಾಕಿ, ಬಿಸಿಯಾದ ಮೇಲೆ ತೆಗೆದು ರೇಸಿನ ಪ್ಲಗ್ ಹಾಕುತ್ತಿದ್ದರು. ರೇಸಿನ ಪ್ಲಗ್ಗಿನಲ್ಲೇ ಶುರು ಮಾಡಿದರೆ ಎಣ್ಣೆ, ಹಸಿ ಇಂಧನ ಮೆತ್ತಿ ಕಿಡಿ ಸಾಯುತ್ತದೆ.

ನಿಮ್ಮ ಬೈಕ್ ರಸ್ತೆಯಲ್ಲಿ ಓಡಿಸುವುದಾದರೆ ಬೇಡ. ಹರಳೆಣ್ಣೆ ಗಾಳಿ, ಶಾಖ ತಾಗಿ ಅಂಟಾಗುತ್ತದೆ. ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತಾವು ಕೂತಿರುವ ತೋಡಿನೊಳಗೇ ಅಂಟಿಕೊಳ್ಳುತ್ತವೆ, ಆಯಿಲ್ ದಾರಿಗಳು ಕಟ್ಟುತ್ತವೆ. ಮಿನರಲ್ ಆಯಿಲ್ ಜೊತೆ ಅದು ಸರಿಯಾಗಿ ಬೆರೆಯುವುದಿಲ್ಲ. ಆದ್ದರಿಂದ ಹಳೆಯ ಆಯಿಲ್ ಇಳಿಸಿ ಇದನ್ನು ತುಂಬುವ ಕೆಲಸ ಖಂಡಿತ ಮಾಡಬೇಡಿ. ರೇಸಿಗೆಂದೇ ಬಳಸಬೇಕೆಂದಿದ್ದರೆ ಎಂಜಿನ್ ಪೂರ್ತಿ ಬಿಚ್ಚಿ, ಆಯಿಲ್ ಟ್ಯಾಂಕ್, ಪೈಪು, ಫಿಲ್ಟರ್ ಎಲ್ಲ ತೊಳೆದು ಒಣಗಿಸಿ, ಆಮೇಲೆ ರೇಸಿಗೆ ಶುದ್ಧ ಮಾಡಿದ ಹರಳೆಣ್ಣೆ ಆಯಿಲ್ಲನ್ನೇ ಹಾಕಿ. ತಲೆಗೆ ಹಚ್ಚುವ, ಔಷಧಿ ಅಂಗಡಿಯ ಎಣ್ಣೆ ಇದಕ್ಕಾಗದು. ಪ್ರತಿ ಓಟ ಮುಗಿದ ಮೇಲೆ ಬಿಸಿ ಇರುವಾಗಲೇ ಇಳಿಸಿಬಿಡಿ. ಮೆಥನಾಲ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು: ಓಟದ ದಿನವೇ ಟ್ಯಾಂಕ್, ಕಾರ್ಬುರೇಟರ್ ಖಾಲಿ ಮಾಡಿ, ಸ್ವಲ್ಪ ಪೆಟ್ರೋಲಿನಲ್ಲಿ ಎಂಜಿನ್ ಓಡಿಸಿ ನಿಲ್ಲಿಸಬೇಕು. ಮೆಥನಾಲ್ ಗಾಳಿಯ ನೀರು ಹೀರಿ ಅಲ್ಯೂಮಿನಿಯಂ, ಸತು ಭಾಗಗಳನ್ನು ತಿನ್ನುತ್ತದೆ, ವಾರದಲ್ಲಿ ಕಾರ್ಬುರೇಟರಿನೊಳಗೆ ಬಿಳಿ ಪುಡಿ ಕೂರುತ್ತದೆ, ಜೆಟ್ ಕಟ್ಟುತ್ತದೆ. ಜೆಟ್ ಕಟ್ಟಿದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಮೆಥನಾಲ್ ಚರ್ಮದ ಮೂಲಕವೂ ಒಳಹೋಗುವ ವಿಷ.